ವೇದಿಕೆ ಕಟ್ಟುವ ಮೊದಲು ದಾಖಲೆ ಕೋಣೆಯ ಬೀಗ ತೆಗೆಯಿರಿ: ವಿಶ್ವವಿದ್ಯಾಲಯಗಳ ಮಹೋತ್ಸವ ಸಮಿತಿಗಳಿಗೆ ಬಹಿರಂಗ ಪತ್ರ

ಮಾನ್ಯ ಕುಲಪತಿಗಳೇ, ಕುಲಸಚಿವರೇ, ಮಹೋತ್ಸವ ಸಮಿತಿಯ ಸದಸ್ಯರೇ,

ವಿಶ್ವವಿದ್ಯಾಲಯಕ್ಕೆ ಐವತ್ತೋ ಎಪ್ಪತ್ತೈದೋ ನೂರೋ ತುಂಬುತ್ತದೆ ಎಂದಾಗ ಮೊದಲ ಸಭೆಯಲ್ಲಿ ಮಾತಿಗೆ ಬರುವುದು ಲಾಂಛನ, ಮುಖ್ಯ ಅತಿಥಿ, ವೇದಿಕೆ, ಸ್ಮರಣ ಸಂಚಿಕೆ. ಸಂಚಿಕೆಗೆ ಹಳೆಯ ಫೋಟೋಗಳು ಬೇಕಲ್ಲ ಎಂದು ಯಾರಿಗಾದರೂ ಹೊಳೆಯುವ ಹೊತ್ತಿಗೆ ಅಚ್ಚಿಗೆ ಹೋಗಲು ಆರು ವಾರವೂ ಉಳಿದಿರುವುದಿಲ್ಲ. ಆಮೇಲೆ ದಾಖಲೆ ಕೋಣೆಯ ಕೀಲಿಗಾಗಿ ಹುಡುಕಾಟ. ಸಿಕ್ಕ ಹತ್ತು ಹದಿನೈದು ಚಿತ್ರಗಳೇ ಸಂಚಿಕೆಯಲ್ಲೂ ಪ್ರದರ್ಶನದಲ್ಲೂ ಪರದೆಯ ಮೇಲೂ ತಿರುತಿರುಗಿ ಬರುತ್ತವೆ. ಎಲ್ಲವೂ ಶಂಕುಸ್ಥಾಪನೆ, ಘಟಿಕೋತ್ಸವ, ಗಣ್ಯರ ಭೇಟಿ. ಅಷ್ಟು ವರ್ಷ ಅಲ್ಲಿ ಓದಿದವರು, ಪ್ರಯೋಗಾಲಯ ತೊಳೆದವರು, ರಾತ್ರಿ ಕಾವಲು ಕಾದವರು, ಕಾಂಪೌಂಡಿನಾಚೆಯ ನೆರೆಯವರು ಅದರಲ್ಲಿ ಇರುವುದೇ ಇಲ್ಲ.

ದಾಖಲೆಗಳನ್ನು ಕಾಪಾಡುವ, ಹಳೆಯ ಚಿತ್ರ ಮತ್ತು ಧ್ವನಿಗಳನ್ನು ಉಳಿಸುವ ಕೆಲಸದಲ್ಲಿರುವ ನಾವು ತಮ್ಮಲ್ಲಿ ಕೇಳಿಕೊಳ್ಳುವುದು ಒಂದನ್ನೇ. ಕೆಲಸದ ಸರದಿಯನ್ನು ತಿರುಗಿಸಿ. ಹಬ್ಬಕ್ಕೆ ಕನಿಷ್ಠ 18 ತಿಂಗಳು ಇರುವಾಗಲೇ ದಾಖಲೆ ಕೋಣೆಯಿಂದ ಶುರು ಮಾಡಿ. ಸುತ್ತಲಿನ ಜನರನ್ನು ಕುರ್ಚಿ ತುಂಬಿಸಲು ಕರೆಯುವ ಮೊದಲು ಆ ಕೆಲಸಕ್ಕೆ ಕರೆಯಿರಿ. ಹೇಗೆ ಮಾಡಬೇಕು, ಎಲ್ಲೆಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಎಲ್ಲಕ್ಕಿಂತ ಮೊದಲು ಹುಟ್ಟಿದ ದಿನ ಯಾವುದೆಂದು ಗಟ್ಟಿ ಮಾಡಿಕೊಳ್ಳಿ. ಇಟಲಿಯ ಬೊಲೊನ್ಯ ವಿಶ್ವವಿದ್ಯಾಲಯ 1088ರಲ್ಲಿ ಹುಟ್ಟಿತೆಂದು ಲೋಕವೆಲ್ಲ ಹೇಳುತ್ತದೆ, ಆದರೆ ಆ ವರ್ಷದ ಸ್ಥಾಪನಾ ಪತ್ರ ಎಂಬುದೇನೂ ಇಲ್ಲ. 19ನೇ ಶತಮಾನದಲ್ಲಿ ಕವಿ ಜೊಸುಯೆ ಕಾರ್ದುಚಿ ಮುಂದಾಳಾಗಿದ್ದ ಸಮಿತಿಯೊಂದು ಆ ವರ್ಷವನ್ನು ಗೊತ್ತುಮಾಡಿತು, 1888ರಲ್ಲಿ ಎಂಟುನೂರು ವರ್ಷದ ಉತ್ಸವ ನಡೆಯಿತು. ಆಕ್ಸ್‌ಫರ್ಡ್‌ಗೆ ಇಂದಿಗೂ ಖಚಿತವಾದ ಸ್ಥಾಪನಾ ದಿನವಿಲ್ಲ. 1096ರ ಹೊತ್ತಿಗೆ ಅಲ್ಲಿ ಪಾಠ ನಡೆಯುತ್ತಿತ್ತು ಎಂಬಲ್ಲಿಗೆ ಮಾತು ನಿಲ್ಲುತ್ತದೆ. 1857ರಲ್ಲಿ ಕಾಯ್ದೆಯ ಮೂಲಕ ಹುಟ್ಟಿದ ಕಲ್ಕತ್ತ, ಬಾಂಬೆ, ಮದ್ರಾಸ್ ವಿಶ್ವವಿದ್ಯಾಲಯಗಳು ಮೊದಮೊದಲು ಪರೀಕ್ಷೆ ನಡೆಸಿ ಪದವಿ ಕೊಡುತ್ತಿದ್ದವು, ಪಾಠ ಮಾಡುತ್ತಿದ್ದುದು ಅವುಗಳಿಗೆ ಸೇರಿದ ಕಾಲೇಜುಗಳು. ಹಾಗಾಗಿ ಕಾಯ್ದೆಗೆ ಅಂಕಿತ ಬಿದ್ದ ದಿನ, ಮೊದಲ ತರಗತಿ ನಡೆದ ದಿನ, ಮೊದಲ ಘಟಿಕೋತ್ಸವದ ದಿನ ಮೂರೂ ಬೇರೆ ಬೇರೆ ಆಗಿರುವುದು ಸಾಮಾನ್ಯ. ಒಂದನ್ನು ಆರಿಸಿ, ಯಾಕೆ ಆರಿಸಿದೆವು ಎಂದು ಒಂದು ಪುಟದ ಟಿಪ್ಪಣಿ ಬರೆದು, ಸಿಂಡಿಕೇಟ್ (ಆಡಳಿತ ಮಂಡಳಿ) ನಡಾವಳಿಗೆ ಸೇರಿಸಿ. ಇಲ್ಲದಿದ್ದರೆ ಇಪ್ಪತ್ತೈದು ವರ್ಷದ ನಂತರ ಬರುವ ಸಮಿತಿ ಇದೇ ಜಗಳವನ್ನು ಮೊದಲಿನಿಂದ ಆಡುತ್ತದೆ.

ಎಣಿಕೆಯಲ್ಲೂ ಎಚ್ಚರ ಬೇಕು. 1950ರ ಜುಲೈಯಲ್ಲಿ ಶುರುವಾದ ಸಂಸ್ಥೆಗೆ 75ನೇ ವರ್ಷ ಹಿಡಿಯುವುದು 2024ರ ಜುಲೈಯಲ್ಲಿ, 75 ತುಂಬುವುದು 2025ರ ಜುಲೈಯಲ್ಲಿ. ಒಂದು ಫಲಕದಲ್ಲಿ ಒಂದು ವರ್ಷ, ಇನ್ನೊಂದು ಫಲಕದಲ್ಲಿ ಇನ್ನೊಂದು ವರ್ಷ ಅಚ್ಚಾಗುವುದು ಈ ಗೊಂದಲದಿಂದಲೇ. ಘಟಿಕೋತ್ಸವದ ಕ್ರಮಸಂಖ್ಯೆಯನ್ನು ನಂಬಿ ವಯಸ್ಸು ಲೆಕ್ಕ ಹಾಕಬೇಡಿ. ಕೆಲವು ವರ್ಷ ಘಟಿಕೋತ್ಸವ ನಡೆದೇ ಇರುವುದಿಲ್ಲ.

ಇನ್ನು ಕೋಣೆಯ ಒಳಗೆ ಹೋಗೋಣ. ಕೀಲಿ ಸಿಕ್ಕಿದ ದಿನವೇ ಕಡತ ಎಳೆಯಬೇಡಿ. ತಾಪ ಮತ್ತು ತೇವಾಂಶ ತೋರಿಸುವ ಮಾಪಕವೊಂದನ್ನು ಇಟ್ಟು ಎರಡು ವಾರ ಬೆಳಗ್ಗೆ ಸಂಜೆ ಬರೆದಿಡಿ. ಗಾಳಿಯ ಸಾಪೇಕ್ಷ ತೇವಾಂಶ ಶೇ. 65 ದಾಟಿ ನಿಂತಿದ್ದರೆ ಬೂಷ್ಟು ಬಂದೇ ಬರುತ್ತದೆ. ಕಾಗದಕ್ಕೆ ಶೇ. 35ರಿಂದ 50ರ ನಡುವೆ, ಆದಷ್ಟು ಏರಿಳಿತವಿಲ್ಲದೆ ಇದ್ದರೆ ಒಳ್ಳೆಯದು. ಹಗಲು ಎಸಿ ಹಾಕಿ ರಾತ್ರಿ ಆರಿಸುವುದು ಎಸಿಯೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಆರಿಸಿದ ಮೇಲೆ ಒಳಗೆ ಬರುವ ಹಸಿ ಗಾಳಿ ತಣ್ಣಗಿನ ಗೋಡೆ, ಕಪಾಟುಗಳ ಮೇಲೆ ನೀರಾಗಿ ಕೂರುತ್ತದೆ. ಬೂಷ್ಟು ಕಂಡ ಕಡತವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ಕಾಗದದ ಎಳೆಯೊಳಗೇ ಇಳಿಯುತ್ತದೆ. ಬೇರೆ ಕೋಣೆಗೆ ಒಯ್ದು, ಮುಖಗವಸು ಕೈಗವಸು ಹಾಕಿಕೊಂಡು, ಮೊದಲು ಒಣಗಿಸಿ, ಆಮೇಲೆ ಮೆತ್ತನೆಯ ಬ್ರಷ್‌ನಿಂದ ತೆಗೆಯಬೇಕು. ಸೋರಿದ ಚಾವಣಿಯಿಂದ ನೀರು ಬಿದ್ದ ಕಟ್ಟುಗಳಿಗೆ 48 ಗಂಟೆಯೊಳಗೆ ಆರೈಕೆ ಆಗಬೇಕು. ಅಷ್ಟರಲ್ಲಿ ಒಣಗಿಸಲು ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಡೀಪ್ ಫ್ರೀಜರ್‌ಗೆ ಹಾಕಿ. ಹೆಪ್ಪುಗಟ್ಟಿದ ಕಾಗದದಲ್ಲಿ ಬೂಷ್ಟು ಬೆಳೆಯುವುದಿಲ್ಲ, ಮುಂದೆ ಸಾವಕಾಶವಾಗಿ ಒಣಗಿಸಬಹುದು.

ತುಕ್ಕು ಹಿಡಿದ ಗುಂಡುಸೂಜಿ, ಕ್ಲಿಪ್‌ಗಳನ್ನು ಎಳೆದರೆ ಕಾಗದದ ಮೂಲೆಯೇ ಕೈಗೆ ಬರುತ್ತದೆ. ಸೂಜಿಗೂ ಕಾಗದಕ್ಕೂ ನಡುವೆ ತೆಳ್ಳನೆಯ ಪಾರದರ್ಶಕ ಹಾಳೆಯ ಪಟ್ಟಿಯೊಂದನ್ನು ಎರಡೂ ಕಡೆ ತೂರಿಸಿ, ಸೂಜಿಯನ್ನು ಮೇಲಕ್ಕೆ ಅಗಲಿಸಿ ತೆಗೆಯಿರಿ. ರಬ್ಬರ್ ಬ್ಯಾಂಡ್ ಕರಗಿ ಅಂಟಿದ್ದರೆ ಕೆರೆಯಬೇಡಿ, ಹಳೆಯ ಸೆಲ್ಲೋಟೇಪನ್ನು ಕೀಳಬೇಡಿ, ಪೆಟ್ಟಿಗೆಯ ಮೇಲೆ ಗುರುತು ಹಾಕಿ ತಜ್ಞರಿಗೆ ಬಿಡಿ. ಲ್ಯಾಮಿನೇಷನ್ ಮಾತ್ರ ಯಾವ ಕಾರಣಕ್ಕೂ ಬೇಡ. ಸ್ಥಾಪನಾ ಆದೇಶದ ಮೂಲಪ್ರತಿಯನ್ನು ಪ್ರದರ್ಶನಕ್ಕೆಂದು ಲ್ಯಾಮಿನೇಟ್ ಮಾಡಿಸುವುದು ತುಂಬ ನೋವಿನ ತಪ್ಪು. ಬಿಸಿಗೆ ಕರಗಿದ ಅಂಟು ಕಾಗದದೊಳಗೆ ಇಳಿದ ಮೇಲೆ ಅದನ್ನು ಹಿಂದಕ್ಕೆ ತರಲು ಆಗುವುದಿಲ್ಲ. ಪ್ರದರ್ಶನಕ್ಕೆ ಒಳ್ಳೆಯ ನಕಲು ಸಾಕು. ಫಿಲಂ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಅದು ಅಸಿಟೇಟ್ ಫಿಲಂ ಕೊಳೆಯುತ್ತಿರುವ ಗುರುತು. ಆ ಡಬ್ಬಿಯನ್ನು ಉಳಿದವುಗಳಿಂದ ಬೇರೆಯಿಟ್ಟು ಅದನ್ನೇ ಮೊದಲು ಡಿಜಿಟಲ್‌ಗೆ ತನ್ನಿ. 1950ರ ದಶಕದ ಆರಂಭಕ್ಕಿಂತ ಹಳೆಯ ಫಿಲಂ ನೈಟ್ರೇಟ್ ಇರಬಹುದು. ಅದು ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಪ್ರೊಜೆಕ್ಟರಿಗೆ ಹಾಕಿ ನೋಡುವ ಸಾಹಸ ಬೇಡ.

ಸ್ಕ್ಯಾನಿಂಗ್ ಬಗ್ಗೆ ಲೆಕ್ಕ ಹೇಳುತ್ತೇವೆ, ಏಕೆಂದರೆ ಟೆಂಡರ್ ಬರೆಯುವವರು ಎಡವುವುದು ಇಲ್ಲೇ. ಬರಹಕ್ಕೆ 400 ಡಿಪಿಐ (ಒಂದು ಇಂಚಿಗೆ ಅಷ್ಟು ಚುಕ್ಕಿ), ಫೋಟೋಗೆ 600 ಡಿಪಿಐ, ಎರಡನ್ನೂ ಬಣ್ಣದಲ್ಲೇ, ವಿವರ ಕಳೆಯದ ಟಿಫ್ ರೂಪದಲ್ಲಿ. ಎ4 ಪುಟ 400 ಡಿಪಿಐನಲ್ಲಿ ಸುಮಾರು 46 ಎಂಬಿ ಆಗುತ್ತದೆ. ಹತ್ತು ಸಾವಿರ ಪುಟಕ್ಕೆ 460 ಜಿಬಿ. ಪ್ರತಿಗಳು ಮೂರು ಬೇಕು, ಎರಡು ಬಗೆಯ ಸಾಧನಗಳ ಮೇಲೆ, ಒಂದು ಬೇರೆ ಕಟ್ಟಡದಲ್ಲಿ. ವಿವರ ಕಳೆದು ಚಿಕ್ಕದಾಗಿಸಿದ ಜೆಪೆಗ್ ಕಡತಗಳನ್ನು ಮಾತ್ರ ಕೊಟ್ಟು ಹೋಗುವ ಗುತ್ತಿಗೆದಾರರಿಗೆ ಹಣ ಪಾವತಿ ಮಾಡಬೇಡಿ. ಪ್ರತಿ ಕಡತಕ್ಕೂ ಚೆಕ್‌ಸಮ್ (ಕಡತದ ಒಳಗಿನದ್ದನ್ನು ಲೆಕ್ಕ ಹಾಕಿ ಪಡೆದ ಗುರುತಿನ ಸಂಖ್ಯೆ) ಪಟ್ಟಿ ಬೇಕೆಂದು ಒಪ್ಪಂದದಲ್ಲೇ ಬರೆಯಿರಿ. ಆ ಸಂಖ್ಯೆ ಮುಂದೆ ಬದಲಾದರೆ ಕಡತ ಕೆಟ್ಟಿದೆ ಎಂದು ಗೊತ್ತಾಗುತ್ತದೆ. ಕಡತದ ಹೆಸರು ಕ್ಯಾಮೆರಾ ಕೊಟ್ಟ ಅಂಕಿಯಾಗಿರಬಾರದು. ವರ್ಷ, ವಿಭಾಗದ ಸಂಕೇತ, ಪೆಟ್ಟಿಗೆ ಸಂಖ್ಯೆ, ಕ್ರಮಸಂಖ್ಯೆ ಈ ನಾಲ್ಕೂ ಇರಲಿ. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಬಳಕೆಗೆ ಬರುವ ಮೊದಲಿನ ಫಾಂಟುಗಳಲ್ಲಿ ಬೆರಳಚ್ಚಾದ ಕನ್ನಡ ಕಡತಗಳನ್ನೂ ಮರೆಯಬೇಡಿ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅವು ಬರೀ ಚಿಹ್ನೆಗಳ ರಾಶಿಯಾಗಿ ತೆರೆದುಕೊಳ್ಳುತ್ತವೆ. ಯೂನಿಕೋಡ್‌ಗೆ ಪರಿವರ್ತಿಸಿ, ಒಬ್ಬರು ಕೂತು ಒತ್ತಕ್ಷರಗಳನ್ನು ತಿದ್ದಿ, ಮೂಲ ಕಡತವನ್ನೂ ಜೊತೆಗಿಡಿ.

ಈಗ ಒಂದು ಫೋಟೋವನ್ನು ಹತ್ತಿರದಿಂದ ನೋಡಿ. ಎಲ್ಲ ವಿಭಾಗಗಳ ಗೋಡೆಯಲ್ಲೂ ಇರುವಂಥದ್ದು. ರಟ್ಟಿಗೆ ಅಂಟಿಸಿದ ಗುಂಪು ಚಿತ್ರ, ಕೆಳಗೆ ಅಚ್ಚಾದ ಹೆಸರುಗಳು, ‘ಕುಳಿತವರು ಎಡದಿಂದ ಬಲಕ್ಕೆ’, ‘ನಿಂತವರು ಮೊದಲ ಸಾಲು’. ನಡುವೆ ಕೈಮಡಚಿ ಕೂತ ಪ್ರಾಧ್ಯಾಪಕರು, ಹಿಂದೆ ವಿದ್ಯಾರ್ಥಿಗಳು. ಎರಡೂ ತುದಿಗಳಲ್ಲಿ, ಸಾಲಿನಿಂದ ಅರ್ಧ ಹೆಜ್ಜೆ ದೂರದಲ್ಲಿ ನಿಂತ ಇಬ್ಬರು, ಒಬ್ಬರ ಭುಜದ ಮೇಲೆ ಮಡಿಸಿದ ಬಟ್ಟೆ. ಕೆಳಗಿನ ಹೆಸರುಗಳನ್ನು ಎಣಿಸಿದರೆ ಮುಖಗಳಿಗಿಂತ ಎರಡು ಕಡಿಮೆ. ಆ ಎರಡು ಹೆಸರು ಯಾವ ಕಡತದಲ್ಲೂ ಸಿಗದೆ ಇರಬಹುದು. ಸಿಗುವುದಾದರೆ ಅವರ ಮನೆಯವರಿಂದ, ಅವರ ಜೊತೆ ಕೆಲಸ ಮಾಡಿದವರಿಂದ, ಆ ಬೀದಿಯವರಿಂದ ಸಿಗಬೇಕು. ಸಮುದಾಯದ ಜೊತೆ ಆಚರಣೆ ಎಂಬ ಮಾತನ್ನು ಆಮಂತ್ರಣ ಪತ್ರಿಕೆಯಲ್ಲಿ ಎಲ್ಲರೂ ಅಚ್ಚು ಹಾಕಿಸುತ್ತಾರೆ. ನಮ್ಮ ಮಟ್ಟಿಗೆ ಅದರ ಅರ್ಥ ಈ ಎರಡು ಹೆಸರನ್ನು ಕೇಳಿಕೊಂಡು ಹೋಗುವುದು.

ಅದಕ್ಕಾಗಿ ಹಬ್ಬಕ್ಕೆ ಒಂದು ವರ್ಷ ಮೊದಲು ‘ನಿಮ್ಮ ಮನೆಯ ಫೋಟೋ ತನ್ನಿ’ ಎಂಬ ದಿನಗಳನ್ನು ಏರ್ಪಡಿಸಿ. ಒಂದೇ ದಿನ ದೊಡ್ಡದಾಗಿ ಮಾಡುವುದಕ್ಕಿಂತ ನಾಲ್ಕು ಭಾನುವಾರ ಚಿಕ್ಕದಾಗಿ ಮಾಡಿ. ಕ್ಯಾಂಪಸ್ಸಿನೊಳಗೆ ಬರಲು ಹಿಂಜರಿಯುವವರು ಇರುತ್ತಾರೆ, ಆದ್ದರಿಂದ ಎರಡು ದಿನವಾದರೂ ಹೊರಗೆ, ನೆರೆಯ ಶಾಲೆಯಲ್ಲೋ ಗ್ರಂಥಾಲಯದಲ್ಲೋ ನಡೆಯಲಿ. ನಾಲ್ಕು ಮೇಜು ಬೇಕು. ಮೊದಲನೆಯದರಲ್ಲಿ ಟೋಕನ್ ಕೊಟ್ಟು, ತಂದ ವಸ್ತುಗಳನ್ನು ಅವರೆದುರೇ ಎಣಿಸಿ ರಸೀದಿ ಬರೆಯಿರಿ. ಎರಡನೆಯದರಲ್ಲಿ ಒಪ್ಪಿಗೆ ಪತ್ರ. ಮೂರನೆಯದರಲ್ಲಿ ಚಿತ್ರದಲ್ಲಿ ಯಾರು, ಎಲ್ಲಿ, ಯಾವಾಗ, ತೆಗೆದವರು ಯಾರು ಎಂದು ಕೇಳಿ ಬರೆದುಕೊಳ್ಳುವವರು. ನಾಲ್ಕನೆಯದು ಸ್ಕ್ಯಾನರ್. ನಿಧಾನವಾಗುವುದು ಸ್ಕ್ಯಾನರಿನಲ್ಲಿ ಎಂದು ಎಲ್ಲರೂ ಎಣಿಸುತ್ತಾರೆ, ಆದರೆ ಸಾಲು ನಿಲ್ಲುವುದು ಮೂರನೇ ಮೇಜಿನಲ್ಲಿ. ಒಂದು ಫೋಟೋದ ವಿವರ ಸರಿಯಾಗಿ ಬರೆದುಕೊಳ್ಳಲು ಐದು ನಿಮಿಷ ಹಿಡಿಯುತ್ತದೆ, ಅಂದರೆ ಒಬ್ಬರಿಂದ ಗಂಟೆಗೆ ಹನ್ನೆರಡು. ಆರು ಗಂಟೆಯ ದಿನದಲ್ಲಿ ಮೂವರು ಕೂತರೆ 216. ಆದ್ದರಿಂದ ಒಬ್ಬರಿಗೆ ಹತ್ತು ಚಿತ್ರ ಎಂದು ಮಿತಿ ಹಾಕಿ, ಹೆಚ್ಚು ತಂದವರಿಗೆ ಬೇರೆ ದಿನ ಗೊತ್ತುಮಾಡಿ ಕೊಡಿ.

ಮೂಲ ಫೋಟೋ ಅಂದೇ, ಅವರ ಕೈಗೇ ಹಿಂದಿರುಗಬೇಕು. ‘ನಾಳೆ ಕಳಿಸುತ್ತೇವೆ’ ಎಂದು ಇಟ್ಟುಕೊಂಡ ಒಂದು ಚಿತ್ರ ಕಳೆದುಹೋದರೆ ಮುಂದಿನ ಭಾನುವಾರ ಯಾರೂ ಬರುವುದಿಲ್ಲ. ಆಲ್ಬಮ್ಮಿನ ಅಂಟು ಹಾಳೆಗೆ ಹಿಡಿದುಕೊಂಡ ಫೋಟೋವನ್ನು ಕಿತ್ತು ತೆಗೆಯದೆ ಪುಟದ ಸಮೇತ ಸ್ಕ್ಯಾನ್ ಮಾಡಿ. ಹಿಂಬದಿಯಲ್ಲಿ ಬರಹವಿದ್ದರೆ ಅದನ್ನೂ ಮಾಡಿ. ಗುರುತು ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲಿನಿಂದ, ಹಿಂಬದಿಯ ಅಂಚಿನಲ್ಲಿ ಮಾತ್ರ. ಬಾಲ್‌ಪೆನ್ನಿನ ಒತ್ತು ಮುಂದಿನ ಮುಖದಲ್ಲಿ ಗೆರೆಯಾಗಿ ಏಳುತ್ತದೆ. ಒಪ್ಪಿಗೆ ಪತ್ರದಲ್ಲಿ ಮೂರು ಪ್ರಶ್ನೆ ಬೇರೆ ಬೇರೆ ಇರಲಿ: ಇದನ್ನು ದಾಖಲೆಯಲ್ಲಿ ಇಡಬಹುದೇ, ಅಂತರ್ಜಾಲದಲ್ಲಿ ತೋರಿಸಬಹುದೇ, ಪುಸ್ತಕದಲ್ಲಿ ಅಚ್ಚು ಹಾಕಬಹುದೇ. ಎಲ್ಲವನ್ನೂ ಒಂದೇ ಸಹಿಗೆ ಸೇರಿಸಿದರೆ ಜನ ಮೂರಕ್ಕೂ ಬೇಡ ಎನ್ನುತ್ತಾರೆ. ಫೋಟೋ ಯಾರ ಮನೆಯಲ್ಲಿದೆಯೋ ಅವರೇ ಅದರ ಹಕ್ಕುದಾರರು ಎಂದೂ ತಿಳಿಯಬೇಡಿ. ಸ್ಟುಡಿಯೋದವರು ತೆಗೆದದ್ದಾದರೆ ಹಕ್ಕು ಅವರದ್ದಿರಬಹುದು.

ಮಾತಿನ ದಾಖಲೆಗೂ ಇಷ್ಟೇ ಗಮನ ಕೊಡಿ. ಪಟ್ಟಿಯನ್ನು ಹುದ್ದೆಯ ಪ್ರಕಾರ ಮಾಡದೆ ವಯಸ್ಸಿನ ಪ್ರಕಾರ ಮಾಡಿ, ಎಲ್ಲರಿಗಿಂತ ಹಿರಿಯರ ಮನೆಗೆ ಮೊದಲು ಹೋಗಿ. ಹತ್ತರಲ್ಲಿ ನಾಲ್ಕು ಸಂದರ್ಶನವಾದರೂ ಬೋಧಕೇತರ ಸಿಬ್ಬಂದಿಯವು ಮತ್ತು ನೆರೆಯವರವು ಇರಲಿ. ಧ್ವನಿಮುದ್ರಣ 48 ಕಿಲೋಹರ್ಟ್ಸ್, 24 ಬಿಟ್, ವೇವ್ (ಒತ್ತಿ ಚಿಕ್ಕದು ಮಾಡದ ಧ್ವನಿಕಡತ) ರೂಪದಲ್ಲಿರಲಿ. ಒಂದು ಮೈಕಿನಲ್ಲಿ ಗಂಟೆಗೆ ಅರ್ಧ ಜಿಬಿ ಆಗುತ್ತದೆ. ಮೈಕು ಬಾಯಿಯಿಂದ 15–20 ಸೆಂ.ಮೀ. ದೂರದಲ್ಲಿ, ನೇರ ಎದುರಿಗೆ ಬಾರದಂತೆ ತುಸು ಓರೆಯಾಗಿ ಇರಲಿ. ಫ್ಯಾನು, ಫ್ರಿಜ್ಜು ಆರಿಸಿ, ಯಾರೂ ಮಾತಾಡದೆ ಮೂವತ್ತು ಸೆಕೆಂಡು ಬರೀ ಕೋಣೆಯ ಸದ್ದು ಹಿಡಿದಿಡಿ, ಮುಂದೆ ಸಂಕಲನಕ್ಕೆ ಬೇಕಾಗುತ್ತದೆ. ಒಂದು ಸಲ ಕೂತರೆ ಒಂದೂವರೆ ಗಂಟೆಗಿಂತ ಹೆಚ್ಚು ಬೇಡ. ‘ಆಗ ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎಂಬ ಉತ್ತರ ಬರುತ್ತದೆ. ‘ಬೆಳಗ್ಗೆ ನೀವು ಮೊದಲು ತೆರೆಯುತ್ತಿದ್ದ ಬಾಗಿಲು ಯಾವುದು?’ ಎಂದು ಕೇಳಿ, ಇಡೀ ಕಟ್ಟಡವೇ ಎದ್ದು ಬರುತ್ತದೆ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ಆರು ಗಂಟೆಯಾದರೂ ಬೇಕು. ಆ ಸಮಯಕ್ಕೆ ಸಂಬಳ ಇಡದ ಯೋಜನೆಗಳಲ್ಲಿ ಧ್ವನಿಕಡತಗಳು ಯಾರೂ ಕೇಳದೆ ಡಿಸ್ಕಿನಲ್ಲೇ ಉಳಿಯುತ್ತವೆ.

ಹೀಗೆ ಬಾಗಿಲು ತೆರೆದಾಗ ಸಿಹಿಯಾದ ನೆನಪುಗಳಷ್ಟೇ ಒಳಗೆ ಬರುವುದಿಲ್ಲ. ಕ್ಯಾಂಪಸ್ಸಿಗೆ ಭೂಮಿ ಬಿಟ್ಟುಕೊಟ್ಟವರು, ಪರಿಹಾರ ಸಿಗದವರು, ಶುಲ್ಕ ಕಟ್ಟಲಾಗದೆ ಓದು ಬಿಟ್ಟವರು, ಅವಮಾನ ಸಹಿಸಿದವರು ಬರುತ್ತಾರೆ. ದಯವಿಟ್ಟು ಅವರನ್ನು ಮರಳಿ ಕಳಿಸಬೇಡಿ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯ ಗುಲಾಮಗಿರಿಯ ಜೊತೆ ತನಗಿದ್ದ ನಂಟನ್ನು ಹುಡುಕಲು 2003ರಲ್ಲಿ ಸಮಿತಿ ನೇಮಿಸಿತು, 2006ರಲ್ಲಿ ವರದಿ ಹೊರಬಂತು. ಜಾರ್ಜ್‌ಟೌನ್ ವಿಶ್ವವಿದ್ಯಾಲಯವನ್ನು ನಡೆಸುತ್ತಿದ್ದ ಜೆಸ್ವಿಟರು ಎಂಬ ಕ್ರೈಸ್ತ ಪಾದ್ರಿಗಳು 1838ರಲ್ಲಿ ತಮ್ಮ ಗುಲಾಮರಾಗಿದ್ದ 272 ಜನರನ್ನು ಮಾರಿದ್ದರು, ಅದರ ಹಣದಲ್ಲಿ ಒಂದು ಪಾಲು ಸಂಸ್ಥೆಯ ಸಾಲಕ್ಕೆ ಹೋಗಿತ್ತು. 2017ರಲ್ಲಿ ಆ 272 ಜನರ ವಂಶಸ್ಥರ ಎದುರು ವಿಶ್ವವಿದ್ಯಾಲಯ ಕ್ಷಮೆ ಕೇಳಿತು. ಆ ಜನರ ಹೆಸರು ಇಂದು ಹೇಳಲು ಸಾಧ್ಯವಾದದ್ದು ಮಾರಾಟದ ಕಾಗದಗಳು ಉಳಿದಿದ್ದರಿಂದ. ಸ್ಮರಣ ಸಂಚಿಕೆಯ ಸಂಪಾದಕರಿಗೆ ನಮ್ಮ ಬೇಡಿಕೆ ಇದು: ಭೂಸ್ವಾಧೀನದ ಇತಿಹಾಸಕ್ಕೆ, ವಿದ್ಯಾರ್ಥಿ ಚಳವಳಿಗಳಿಗೆ, ಮುಚ್ಚಿಹೋದ ವಿಭಾಗಗಳಿಗೆ ಒಂದೊಂದು ಅಧ್ಯಾಯ ಕೊಡಿ. ಆಡಳಿತದ ಕೈ ಸೋಕದ ಮೂವರು ಅದನ್ನು ಓದಿ ಒಪ್ಪಿದ ಮೇಲೆ ಅಚ್ಚಿಗೆ ಕಳಿಸಿ.

ಮುಂದಿನ ತಲೆಮಾರು ತೆರೆಯಲೆಂದು ನೆಲದಲ್ಲಿ ಹುಗಿಯುವ ಕಾಲಪೆಟ್ಟಿಗೆಯ ಬಗ್ಗೆಯೂ ಸಮಿತಿಗಳು ತುಂಬ ಕೇಳುತ್ತವೆ. ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 1939ರಲ್ಲಿ ಹಿತ್ತಾಳೆಯ ಪೆಟ್ಟಿಗೆಯೊಂದನ್ನು ಐವತ್ತು ವರ್ಷಕ್ಕೆ ತೆರೆಯಬೇಕೆಂದು ಇಟ್ಟರು. ಅದರ ಮೇಲೆ ಕೂತದ್ದು ಸೈಕ್ಲೋಟ್ರಾನಿನ (ಕಣಗಳ ವೇಗ ಹೆಚ್ಚಿಸುವ ಯಂತ್ರ) 18 ಟನ್ ಮ್ಯಾಗ್ನೆಟ್. ತೆರೆಯುವ ವರ್ಷ ಬಂದಾಗ ಅದು ಯಾರಿಗೂ ನೆನಪಿರಲಿಲ್ಲ. ಅಲ್ಲೇ 1957ರಲ್ಲಿ, 2957ಕ್ಕೆ ತೆರೆಯಲೆಂದು ಹುಗಿದ ಗಾಜಿನ ಕೊಳವೆ 2015ರಲ್ಲಿ ಕಟ್ಟಡದ ಕೆಲಸಗಾರರ ಕೈಗೆ ಸಿಕ್ಕಿತು. ಹಾರ್ವರ್ಡ್‌ನಲ್ಲಿ 1836ರ ಇನ್ನೂರನೇ ವರ್ಷದ ಹೊತ್ತಿಗೆ ಹಳೆಯ ವಿದ್ಯಾರ್ಥಿಗಳ ಪತ್ರಗಳನ್ನು ಹುಗಿಯದೆ, ಮುದ್ರೆ ಹಾಕಿ ಪೊಟ್ಟಣವಾಗಿಟ್ಟರು, ನೂರು ವರ್ಷದ ನಂತರದ ಅಧ್ಯಕ್ಷರೇ ತೆರೆಯಬೇಕೆಂದು ಬರೆದರು. 1936ರಲ್ಲಿ ಅದು ಹಾಗೆಯೇ ತೆರೆಯಿತು. ಹಾಗಾಗಿ ಹುಗಿಯಬೇಡಿ. ಆಮ್ಲರಹಿತ ಪೆಟ್ಟಿಗೆಯಲ್ಲಿ ಹಾಕಿ ದಾಖಲೆ ಕೋಣೆಯ ಕಪಾಟಿನಲ್ಲಿಟ್ಟು, ನೋಂದಣಿ ಪುಸ್ತಕದಲ್ಲಿ ತೆರೆಯುವ ದಿನ ಬರೆಯಿರಿ. ಒಳಗೆ ಕಾಗದದ ಮೇಲೆ ಬರೆದ ಪತ್ರಗಳಿರಲಿ. ಬ್ಯಾಟರಿ, ರಬ್ಬರ್, ಪೆನ್ ಡ್ರೈವ್ ಬೇಡ.

ಕೊನೆಗೆ ವೇದಿಕೆಯ ದಿನ. ಎಲ್ಲರಿಗೂ ಬಾಗಿಲು ತೆರೆದಿದೆ ಎಂದು ಕರೆದ ಮೇಲೆ ಬರುವ ಜನಕ್ಕೆ ದಾರಿ ಬೇಕು. ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ಸುಮಾರು 80 ಜನ ಸಾಗಬಹುದು. ಮೂರು ಮೀಟರ್ ಗೇಟಿನಿಂದ ಆರು ಸಾವಿರ ಜನ ಹೊರಹೋಗಲು 25 ನಿಮಿಷ ಬೇಕು. ಗಣ್ಯರ ಕಾರಿಗೆಂದು ಅರ್ಧ ಗೇಟು ತಡೆದರೆ 50. ಒಂದು ಚದರ ಮೀಟರಿಗೆ ಐದಾರು ಜನ ಸೇರಿದರೆ ಯಾರ ಕಾಲೂ ಅವರ ಹಿಡಿತದಲ್ಲಿ ಇರುವುದಿಲ್ಲ, ಹಿಂದಿನವರ ಒತ್ತಡ ಅಲೆಯಾಗಿ ಮುಂದಕ್ಕೆ ಹರಿಯುತ್ತದೆ. ಅದರ ಅರ್ಧಕ್ಕೇ ಒಳಗೆ ಬಿಡುವುದನ್ನು ನಿಲ್ಲಿಸಿ. ಗಾಲಿಕುರ್ಚಿಯ ಇಳಿಜಾರು ಒಂದಕ್ಕೆ ಹನ್ನೆರಡರ ಪ್ರಮಾಣದಲ್ಲಿರಬೇಕು. 45 ಸೆಂ.ಮೀ. ಎತ್ತರದ ವೇದಿಕೆಗೆ 5.4 ಮೀಟರ್ ಉದ್ದ. ವೇದಿಕೆಯ ಮೇಲೆ ಸನ್ಮಾನಿತರು ಬಹುತೇಕ ಎಂಬತ್ತು ದಾಟಿದವರು ಎಂಬುದನ್ನು ನೆನಪಿಡಿ.

ಹಬ್ಬ ಮುಗಿದ ಮೇಲೆ ಎರಡು ವರ್ಷದೊಳಗೆ ಮಹೋತ್ಸವದ ಜಾಲತಾಣ ಮಾಯವಾಗುವುದನ್ನು ಮತ್ತೆ ಮತ್ತೆ ನೋಡುತ್ತೇವೆ. ಡೊಮೈನ್ (ಜಾಲತಾಣದ ವಿಳಾಸ) ಗುತ್ತಿಗೆದಾರರ ಹೆಸರಿನಲ್ಲಿರುತ್ತದೆ, ನವೀಕರಣದ ನೋಟಿಸು ವಿಸರ್ಜನೆಯಾದ ಸಮಿತಿಯ ಇಮೇಲಿಗೆ ಹೋಗುತ್ತದೆ. ಸಂಗ್ರಹವನ್ನು ವಿಶ್ವವಿದ್ಯಾಲಯದ ಸ್ವಂತ ಜಾಲತಾಣದ ಕೆಳಗೇ ಇಡಿ. ಒಟ್ಟು ವೆಚ್ಚದಲ್ಲಿ ಹತ್ತಕ್ಕೆ ಎರಡು ಪಾಲನ್ನು ಉತ್ಸವದ ನಂತರದ ಐದು ವರ್ಷಕ್ಕೆಂದು ಮೀಸಲಿಟ್ಟು, ಒಬ್ಬ ದಾಖಲೆಪಾಲಕರ ಖಾಯಂ ಹುದ್ದೆಗೆ ಮಂಜೂರಾತಿ ತನ್ನಿ. ಸಮಿತಿ ವಿಸರ್ಜನೆಯಾಗುವ ಮೊದಲು, ಹಬ್ಬ ಮುಗಿದ 30 ದಿನದೊಳಗೆ, ತನ್ನದೇ ಕಡತಗಳನ್ನು ಪಟ್ಟಿ ಸಮೇತ ಅವರಿಗೆ ಒಪ್ಪಿಸಲಿ: ನಡಾವಳಿಗಳು, ಲೆಕ್ಕಪತ್ರ, ಆಮಂತ್ರಣದ ಒಂದು ಪ್ರತಿ, ಸಮಾರಂಭದ ಸಂಕಲಿಸದ ವಿಡಿಯೋ, ಬಂದ ದೂರುಗಳು, ಮತ್ತು ಯಾರೆಂದು ಇನ್ನೂ ಗೊತ್ತಾಗದ ಮುಖಗಳ ಫೋಟೋಗಳು. ಆ ಫೋಟೋಗಳ ಪ್ರತಿಗಳನ್ನು ಗ್ರಂಥಾಲಯದ ಬಾಗಿಲ ಪಕ್ಕ, ಕೈಗೆಟುಕುವ ಎತ್ತರದಲ್ಲಿ ತೂಗುಹಾಕಿ, ಕೆಳಗೊಂದು ಪೆನ್ಸಿಲು ಕಟ್ಟಿಡಿ.

ತಮ್ಮ ವಿಶ್ವಾಸಿಗಳು,
ದಾಖಲೆ ಕೋಣೆಗಳಲ್ಲಿ ಕೆಲಸ ಮಾಡುವವರು